ಕೊಡಗಿನಲ್ಲೇ ಇದ್ದು ಫಿಟ್‌ನೆಸ್ ಟ್ರೇನರ್ ಆಗ್ಬೇಕು ಅಂತಿದ್ದೀನಿ, ಈ ಕೆಲಸದಲ್ಲಿರೋರು ದಾರಿ ಹೇಳಿ

ಸುಂಟಿಕೊಪ್ಪ ಹುಡುಗ:

ಎಲ್ಲರಿಗೂ ನಮಸ್ಕಾರ. ವಯಸ್ಸು 26, ಬಿ.ಕಾಂ. ಮುಗಿಸಿ ಮನೆ ತೋಟ ನೋಡ್ಕೊಂಡಿದ್ದೀನಿ. ಕಾಲೇಜಿನವರೆಗೂ ಹಾಕಿ ಆಡಿದವನು, ಆಮೇಲೂ ಜಿಮ್ ಬಿಟ್ಟಿಲ್ಲ. ಈಗ ಪೇಟೆಯ ಜಿಮ್ಮೊಂದರಲ್ಲಿ ಬೆಳಗ್ಗೆ ಸಂಜೆ ಟ್ರೇನರ್ ಆಗಿ ಬಾ ಅಂತ ಕರೀತಿದ್ದಾರೆ. ಮನಸ್ಸಿದೆ. ಆದ್ರೆ ನನಗೆ ಗೊತ್ತಿರೋದು ನನ್ನ ಮೈಗೆ ಏನು ಮಾಡ್ಬೇಕು ಅನ್ನೋದಷ್ಟೇ. ಐವತ್ತು ದಾಟಿದವರು, ಮಂಡಿನೋವು, ಬಿ.ಪಿ., ಶುಗರ್ ಇರೋರು ಬಂದು ಎದುರು ನಿಂತ್ರೆ ಎಲ್ಲಿಂದ ಶುರು ಮಾಡ್ಬೇಕು ಗೊತ್ತಿಲ್ಲ. ಅಪ್ಪ ಬೇರೆ, "ದಿನಾ ತೋಟ ಸುತ್ತೋರಿಗೆ ವ್ಯಾಯಾಮ ಹೇಳ್ಕೊಡೋಕೆ ಒಬ್ಬ ಬೇಕಾ?" ಅಂತಾರೆ. ಅದಕ್ಕೆ ಏನು ಉತ್ತರ ಕೊಡ್ಬೇಕೋ ಅದೂ ತಿಳೀತಿಲ್ಲ.

ಈ ಕೆಲಸ ಮಾಡ್ತಿರೋರು ಯಾರಾದ್ರೂ ಇದ್ರೆ, ನೀವು ಇದಕ್ಕೆ ಹೇಗೆ ಬಂದ್ರಿ, ಜನರನ್ನ ಹೇಗೆ ತಯಾರು ಮಾಡ್ತೀರಿ, ಸರ್ಟಿಫಿಕೇಟ್ ಏನು ಬೇಕು, ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಮಳೆಗಾಲದಲ್ಲಿ ಇದು ನಡೆಯುತ್ತಾ ಅನ್ನೋದೂ ಹೇಳಿ.

ಕೋಚಕ್ಕ, ಗೋಣಿಕೊಪ್ಪ:

ತಮ್ಮಾ, ನನ್ನ ಮೈ ಗೊತ್ತು, ಬೇರೆಯವರದ್ದು ಗೊತ್ತಿಲ್ಲ ಅಂದಿದ್ದೀಯಲ್ಲ, ಅಷ್ಟು ತಿಳ್ಕೊಂಡು ಈ ಕೆಲಸಕ್ಕೆ ಬರೋರು ಕಡಿಮೆ. ಉದ್ದ ಬರೀತೀನಿ, ಬಿಡುವಾದಾಗ ಓದು.

ನಮ್ಮಪ್ಪ ಸಿದ್ದಾಪುರದ ಕಡೆ ಎಸ್ಟೇಟ್ ರೈಟರ್ (ಲೆಕ್ಕ ಬರೆಯೋರು) ಆಗಿದ್ರು. ನಾನು ಬೆಳೆದದ್ದು ಎಸ್ಟೇಟಿನ ಕ್ವಾರ್ಟರ್ಸಲ್ಲಿ. ಶಾಲೆಯಲ್ಲಿ ಹಾಕಿ ಹಿಡಿಸ್ತು, ಕ್ರೀಡಾ ಹಾಸ್ಟೆಲ್ ಸೇರಿದೆ, ಇನ್ನು ಆಟವೇ ನನ್ನ ಬದುಕು ಅಂದ್ಕೊಂಡಿದ್ದೆ. ಒಂದು ಪಂದ್ಯದಲ್ಲಿ ಚೆಂಡಿನ ಹಿಂದೆ ತಿರುಗುವಾಗ ಪಾದ ನೆಲದಲ್ಲೇ ಸಿಕ್ಕಿಕೊಂಡಿತು, ಮಂಡಿ ತಿರುಗಿತು. ಮಂಡಿಯೊಳಗಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರೀತು. ಮೈಸೂರಲ್ಲಿ ಆಪರೇಷನ್ ಆಯ್ತು.

ನಾನು ಟ್ರೇನರ್ ಆಗೋಕೆ ಕಾರಣ ಆ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, "ಇದನ್ನ ಒತ್ತು" ಅಂದ್ರು ಅಲ್ಲಿದ್ದ ಮೇಡಂ. ಒತ್ತೋಕೆ ಹೋದ್ರೆ ತೊಡೆ ಅಲ್ಲಾಡ್ಲೇ ಇಲ್ಲ. ಮಂಡಿಯಲ್ಲಿ ಊತ ಇದ್ದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ನರದ ಸೂಚನೆ ಸರಿಯಾಗಿ ಮುಟ್ಟೋದಿಲ್ಲ, ಸ್ನಾಯುವಿಗೆ ಏನೂ ಆಗಿರದಿದ್ರೂ ಅದು ಮಾತು ಕೇಳೋದಿಲ್ಲ. ಇದು ನನಗಾಗ ಗೊತ್ತಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರು ದನಿ ಏರಿಸಲಿಲ್ಲ. ಮಂಡಿಚಿಪ್ಪಿನ ಮೇಲೆ, ಸ್ವಲ್ಪ ಒಳಮಗ್ಗುಲಿಗೆ ಎರಡು ಬೆರಳಿಟ್ಟು, "ನನ್ನ ಬೆರಳನ್ನ ಮೇಲಕ್ಕೆ ತಳ್ಳು" ಅಂದ್ರು. ಬೆರಳಿಟ್ಟ ಕಡೆ ಚರ್ಮದ ಕೆಳಗೆ ಏನೋ ಮಿಸುಕಿತು. "ಬಂತು ನೋಡು, ಇವತ್ತಿಗೆ ಇಷ್ಟು ಸಾಕು" ಅಂದು ಎದ್ದುಹೋದ್ರು. ಮೈದಾನದಲ್ಲಿ ಕೂಗಿಸ್ಕೊಂಡೇ ಕಲಿತಿದ್ದ ನನಗೆ, ಹೀಗೂ ಕಲಿಸಬಹುದು ಅಂತ ಅವತ್ತೇ ಗೊತ್ತಾಗಿದ್ದು. ಇವತ್ತಿಗೂ ನಾನು ಒಬ್ಬರಿಗೆ ಒಂದು ಸಲಕ್ಕೆ ಒಂದೇ ಸೂಚನೆ ಕೊಡೋದು. ಬೆನ್ನು ನೆಟ್ಟಗಿಡಿ, ಮಂಡಿ ಹೊರಗೆ, ಉಸಿರು ಬಿಡಿ, ಎದೆ ಎತ್ತಿ ಅಂತ ನಾಲ್ಕು ಒಟ್ಟಿಗೆ ಹೇಳಿದ್ರೆ ಒಂದೂ ಒಳಗೆ ಇಳಿಯೋದಿಲ್ಲ.

ಆಮೇಲೆ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಪದವಿ ಮಾಡಿ, ಮೈಸೂರಿನ ಜಿಮ್ಮೊಂದರಲ್ಲಿ ಸೇರಿದೆ. ಅಲ್ಲಿ ಎಲ್ಲರಿಗೂ ಒಂದೇ ಚಾರ್ಟು, ಜೊತೆಗೆ ತಿಂಗಳಿಗಿಷ್ಟು ಪ್ರೋಟೀನ್ ಪೌಡರ್ ಡಬ್ಬ ಮಾರ್ಬೇಕು ಅಂತ ಟಾರ್ಗೆಟ್ಟು. ನನ್ನಿಂದಾಗಲ್ಲ ಅಂತ ಬಿಟ್ಟು ಊರಿಗೆ ಬಂದೆ. ಈಗ ಗೋಣಿಕೊಪ್ಪದ ಹತ್ರ ಬಾಡಿಗೆಯ ಒಂದು ಕೋಣೆ. ಬಾರ್‌ಬೆಲ್, ಡಂಬೆಲ್, ರಬ್ಬರ್ ಬ್ಯಾಂಡ್, ಕುರ್ಚಿಗಳು, ಅಷ್ಟೇ.

ನಿಮ್ಮಪ್ಪನ ಮಾತಿಗೆ ಬರ್ತೀನಿ. ತೋಟದಲ್ಲಿ ನಡೆಯೋದು ಒಳ್ಳೇದೇ. ಆದ್ರೆ ಹೇಗೆ ನಡೀತಾರೆ ನೋಡು: ನಾಲ್ಕು ಹೆಜ್ಜೆ ಹಾಕಿ ಮೆಣಸಿನ ಬಳ್ಳಿ ನೋಡ್ತಾರೆ, ಮತ್ತೆ ನಾಲ್ಕು ಹೆಜ್ಜೆ ಹೋಗಿ ಆಳುಗಳ ಹತ್ರ ಮಾತಾಡ್ತಾರೆ, ದೂರದ ಬ್ಲಾಕಿಗೆ ಜೀಪು. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗಬಾರದು, ಅಷ್ಟು ಉಸಿರು ಏರಿದ್ರೆ ಅದು ಮಧ್ಯಮ ವೇಗದ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂಥದ್ದು ಬೇಕು ಅನ್ನುತ್ತೆ, ಜೊತೆಗೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯು ಗಟ್ಟಿ ಮಾಡೋ ಕೆಲಸ. ಈ ಎರಡನೇದು ನಮ್ಮಲ್ಲಿ ಯಾರೂ ಮಾಡೋದಿಲ್ಲ. ವಯಸ್ಸಾಗ್ತಾ ಸ್ನಾಯು ಕರಗೋದು ಸಹಜ, ತಡೆಯೋಕೆ ಭಾರ ಎತ್ತಲೇಬೇಕು.

ಕಾಫಿ ಕೊಯ್ಯೋ ಹೆಂಗಸರ ಮಾತೇ ಬೇರೆ. ಅವರಿಗೆ ದುಡಿಮೆ ಹೆಚ್ಚಾಗಿ ಮೈ ಸವೀತಿದೆ. ದಿನವಿಡೀ ಒಂದೇ ಭಂಗಿ, ಸಂಜೆ ಚೀಲ ಎಳೆದು ಎತ್ತೋದು. ಅವರಿಗೆ ಸೊಂಟದಿಂದ ಬಗ್ಗಿ ಭಾರವನ್ನ ಮೈಗೆ ಹತ್ತಿರ ಹಿಡಿದು ಏಳೋದನ್ನ ಕಲಿಸ್ತೀನಿ, ಬೇರೆ ಹೊರೆ ಹಾಕೋದಿಲ್ಲ. ಅವರ ಹತ್ರ ದುಡ್ಡೂ ತಗೊಳ್ಳೋದಿಲ್ಲ.

ಅಪ್ಪನ ಹತ್ರ ವಾದಕ್ಕಿಳೀಬೇಡ. ಎದೆ ಮೇಲೆ ಕೈ ಕಟ್ಟಿಸಿ, ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸು. 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಆದ್ರೆ ಆ ವಯಸ್ಸಿಗೆ ಕಾಲಿನ ಬಲ ಸಾಲದು ಅಂತ ಲೆಕ್ಕ. ಮಾತಿಗಿಂತ ಅದು ಬೇಗ ತಲೆಗೆ ಹೋಗುತ್ತೆ.

ಹೊಸಬರು ಬಂದ್ರೆ ಮೊದಲ ದಿನ ನಾನು ವ್ಯಾಯಾಮ ಮಾಡಿಸೋದು ತೀರಾ ಸ್ವಲ್ಪ. ಕೇಳೋದೇ ಹೆಚ್ಚು. ಎದೆನೋವು, ತಲೆಸುತ್ತು ಬಂದಿದೆಯಾ, ಯಾವ ಆಪರೇಷನ್ ಆಗಿದೆ, ಯಾವ ಮಾತ್ರೆ ತಗೊಳ್ತೀರಿ. ಮಾತ್ರೆ ಚೀಟಿ ತರೋಕೆ ಹೇಳ್ತೀನಿ. ಬಿ.ಪಿ.ಗೆ ಬೀಟಾ ಬ್ಲಾಕರ್ ಅನ್ನೋ, ಹೃದಯದ ಬಡಿತ ನಿಧಾನ ಮಾಡೋ ಮಾತ್ರೆ ತಗೊಳ್ಳೋರ ನಾಡಿ ಬಡಿತ ಬೇರೆಯವರಷ್ಟು ಏರೋದಿಲ್ಲ, ಅವರ ಕೈಗಡಿಯಾರ ತೋರಿಸೋ ಅಂಕಿ ನಂಬಿ ಓಡಿಸಿದ್ರೆ ಅಪಾಯ. ಅವರಿಗೆ ಮಾತಾಡಿಸಿಯೇ ಉಸಿರು ಅಳೀಬೇಕು. ಬಿ.ಪಿ. ಇರೋರು ಭಾರ ಎತ್ತುವಾಗ ಉಸಿರು ಬಿಗಿ ಹಿಡೀಬಾರದು. ಇನ್ಸುಲಿನ್ ತಗೊಳ್ಳೋರಿಗೆ ವ್ಯಾಯಾಮದಲ್ಲಿ ಸಕ್ಕರೆ ಕೆಳಗಿಳಿಯಬಹುದು, ಅದಕ್ಕೆ ಕೋಣೆಯಲ್ಲಿ ಗ್ಲೂಕೋಸ್ ಇಟ್ಟಿರ್ತೀನಿ. ಸಂಶಯ ಬಂದ್ರೆ ಡಾಕ್ಟರ ಮಾತು ಕೇಳಿಯೇ ಮುಂದಿನದು.

ಆಮೇಲೆ ಕೇಳೋ ಪ್ರಶ್ನೆ: "ಈಗ ಏನು ಮಾಡೋಕೆ ಆಗ್ತಿಲ್ಲ?" ತೂಕ ಇಳೀಬೇಕು ಅಂತ ಬಂದವರೂ ಇಲ್ಲಿ ಬೇರೆ ಮಾತು ಶುರು ಮಾಡ್ತಾರೆ. ಬಾಳೆಲೆ ಕಡೆಯ ಒಬ್ರು ಆಂಟಿ, "ಗದ್ದೆಗೆ ಇಳಿಯೋಕಾಗ್ತಿಲ್ಲ, ಹತ್ತೋದು ಸುಲಭ, ಇಳಿಯುವಾಗ ಮಂಡಿ ಹಿಡಿಯುತ್ತೆ" ಅಂದ್ರು. ನಮ್ಮ ಜಿಲ್ಲೆಯಲ್ಲಿ ಸಮತಟ್ಟು ಎಲ್ಲಿದೆ ಹೇಳು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗ್ತಾ ಮೈಯ ಭಾರ ತಡೀಬೇಕು, ಬಲ ಇಲ್ಲದಿದ್ರೆ ಆ ಹೊರೆ ಮಂಡಿಗೆ. ಅವರಿಗೆ ಕುರ್ಚಿ ಮೇಲೆ ಮಡಚಿದ ಮೂರು ಕಂಬಳಿ ಹಾಕಿ ಕೂರಿಸಿದೆ, ಕೂರೋಕೆ ನಾಲ್ಕು ಎಣಿಕೆ, ಏಳೋಕೆ ಒಂದು. ಅದು ಹಗುರ ಅನ್ನಿಸಿದ ಮೇಲೆ ಒಂದು ಕಂಬಳಿ ತೆಗೆದೆ. ಹಾಗೇ ಒಂದೊಂದಾಗಿ ತೆಗೀತಾ ಬರೀ ಕುರ್ಚಿಗೆ ಬಂದ್ವಿ. ಅಲ್ಲಿಂದ ಮುಂದೆ ಒಂದು ಗೇಣು ಎತ್ತರದ ಮೆಟ್ಟಿಲಿನಿಂದ ನಿಧಾನ ಇಳಿಯೋದು. ಅವರೂ ಈ ಚರ್ಚೆ ಓದ್ತಾರೆ, ಬೇಕಾದ್ರೆ ಅವರೇ ಹೇಳಲಿ.

ಇನ್ನು ಮಳೆಗಾಲ. ಇದನ್ನೇ ನೀನು ಚೆನ್ನಾಗಿ ತಲೆಗೆ ಹಾಕ್ಕೋಬೇಕು, ಯಾಕಂದ್ರೆ ಇಲ್ಲಿ ಟ್ರೇನರ್‌ಗಳು ಸೋಲೋದು ಇಲ್ಲೇ. ಜನವರಿಯಲ್ಲಿ ಸೇರಿದವರು ಜೂನಿನಲ್ಲಿ ಕಾಣೆ. ಸೋಮಾರಿಗಳು ಅಂತ ಅವರನ್ನ ದೂರೋದು ನನಗೆ ಸಿಟ್ಟು ತರಿಸುತ್ತೆ. ರಸ್ತೆಗೆ ಮರ ಬಿದ್ದಿದೆ, ಕರೆಂಟಿಲ್ಲ, ಬಟ್ಟೆ ಒಣಗ್ತಿಲ್ಲ, ಬೆಳಗ್ಗೆ ಆರಕ್ಕೆ ಹೊಳೆ ದಾಟಿ ಬಾ ಅಂದ್ರೆ ಯಾರು ಬರ್ತಾರೆ? ಜೂನ್ ಬರುತ್ತೆ ಅಂತ ಟ್ರೇನರ್‌ಗೆ ಜನವರಿಯಲ್ಲೇ ಗೊತ್ತಿರ್ಬೇಕು. ನಾನು ಮೇ ತಿಂಗಳಲ್ಲೇ ಎಲ್ಲರಿಗೂ ಮನೆಯ ಜಗಲಿಯಲ್ಲಿ ಮಾಡೋಕೆ ನಾಲ್ಕು ಚಲನೆ ಕಲಿಸಿಟ್ಟಿರ್ತೀನಿ: ಕುರ್ಚಿಯಿಂದ ಏಳೋದು, ಗೋಡೆಗೋ ಮೇಜಿಗೋ ಕೈಕೊಟ್ಟು ಪುಷ್‌ಅಪ್, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯೋದು, ಬಕೆಟ್ ಹಿಡಿದು ನಡೆಯೋದು. ಬಕೆಟಿಗೆ ಒಂದು ಲೀಟರ್ ನೀರು ಹಾಕಿದ್ರೆ ಒಂದು ಕೆ.ಜಿ. ಭಾರ. ಬಕೆಟಿನ ಒಳಗಡೆ ಪೇಂಟಿಂದ ಗೆರೆ ಎಳೆದು ಕೊಡ್ತೀನಿ. ಈ ವಾರ ಎರಡನೇ ಗೆರೆ ತನಕ, ಅದು ಸಲೀಸಾದ್ರೆ ಮುಂದಿನ ವಾರ ಒಂದು ಚೊಂಬು ಹೆಚ್ಚು. ಮೈ ಬಲಿಯೋಕೆ ಹೊರೆ ಸ್ವಲ್ಪಸ್ವಲ್ಪವೇ ಏರ್ತಾ ಇರ್ಬೇಕು ಅನ್ನೋ ನಿಯಮಕ್ಕೆ ದೊಡ್ಡ ಯಂತ್ರವೇನೂ ಬೇಡ. ಬಕೆಟ್ ಎರಡಿರಲಿ, ಎರಡೂ ಕೈಗೆ ಸಮ.

ಕಾಫಿ ಕೊಯ್ಲು ಅಂದ್ರೆ ಡಿಸೆಂಬರಿಂದ ಮಾರ್ಚ್ ತನಕ ತೋಟದವರಿಗೆ ವಾರಕ್ಕೆ ಎರಡೇ ದಿನ, ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಕೇಳೋದಿಲ್ಲ.

ಆಮೇಲೆ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಕೊಡವ ಕುಟುಂಬಗಳ ಟೂರ್ನಿಗೆ ಈಗ ಮುನ್ನೂರಕ್ಕೂ ಹೆಚ್ಚು ತಂಡ ಬರ್ತಿವೆ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡೋದು ನೋಡೋಕೆ ಎಷ್ಟು ಚೆಂದ. ಆದ್ರೆ ವರ್ಷವಿಡೀ ಓಡದ ನಲವತ್ತೈದರ ಮನುಷ್ಯ ಏಪ್ರಿಲ್ ಬಿಸಿಲಲ್ಲಿ ಒಮ್ಮೆಲೇ ಜೋರು ಓಡಿದ್ರೆ ತೊಡೆಯ ಹಿಂದಿನ ಸ್ನಾಯು ಹರಿಯುತ್ತೆ. ಜನವರಿಯಿಂದಲೇ ಅವರಿಗೆ ನಾರ್ಡಿಕ್ ಅನ್ನೋ ವ್ಯಾಯಾಮ ಮಾಡಿಸ್ತೀನಿ. ಮಂಡಿಯೂರಿ ನಿಂತು, ಹಿಮ್ಮಡಿಯನ್ನ ಒಬ್ರು ಒತ್ತಿ ಹಿಡೀತಾರೆ, ಮೈ ನೆಟ್ಟಗೆ ಇಟ್ಟು ಆದಷ್ಟು ನಿಧಾನ ಮುಂದಕ್ಕೆ ವಾಲೋದು, ತಡೆಯೋಕಾಗದಾಗ ಕೈ ಊರೋದು. ಫುಟ್ಬಾಲ್ ಆಟಗಾರರಲ್ಲಿ ಈ ಗಾಯ ಕಡಿಮೆ ಮಾಡೋಕೆ ಚೆನ್ನಾಗಿ ಪರೀಕ್ಷೆಯಾಗಿ ಗೆದ್ದ ವ್ಯಾಯಾಮ ಇದು. ವಾರಕ್ಕೊಮ್ಮೆ, ಮೂರ್ನಾಲ್ಕು ಸಲದಿಂದ ಶುರು ಮಾಡು. ಮೊದಲ ಸಲ ಜಾಸ್ತಿ ಮಾಡಿಸಿದ್ರೆ ನೋವಿಗೆ ಹೆದರಿ ಮತ್ತೆ ಬರೋದಿಲ್ಲ.

ಸರ್ಟಿಫಿಕೇಟ್ ಬಗ್ಗೆ: ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎನ್‌ಐಎಸ್‌ನ ಆರು ವಾರದ ಕೋರ್ಸ್ ಆಟದ ತರಬೇತಿಗೆ ಒಳ್ಳೇದು. ಜಿಮ್ ಕೆಲಸಕ್ಕೆ ಅಮೆರಿಕದ ಎಸಿಇ ಸಂಸ್ಥೆಯ ಟ್ರೇನರ್ ಪರೀಕ್ಷೆ ಥರದವು ಇವೆ. ಯಾವುದೇ ಮಾಡು, ಅದಕ್ಕೂ ಮೊದಲು ಸಿಪಿಆರ್ ಕಲಿ, ಹೃದಯ ನಿಂತವರಿಗೆ ಎದೆ ಒತ್ತಿ ಮಾಡೋ ತುರ್ತು ಚಿಕಿತ್ಸೆ.

ಬಾಳೆಲೆ ಕಾಫಿಮನೆ:

ನಾನೇ ಆ ಕಂಬಳಿ ಆಂಟಿ. ವಯಸ್ಸು 61.

ಮಗೂ, ನಾನು ಇವಳ ಹತ್ರ ಬರೋ ಮೊದಲು ಬೇರೊಂದು ಜಿಮ್‌ಗೆ ಹೋಗಿದ್ದೆ, ಮಗ ಸೇರಿಸಿದ್ದ. ಮೊದಲ ದಿನವೇ ಕಾಲಿಂದ ತಳ್ಳೋ ಯಂತ್ರದಲ್ಲಿ ಕೂರಿಸಿ ಇನ್ನೂ ಹತ್ತು, ಇನ್ನೂ ಹತ್ತು ಅಂತ ಮಾಡಿಸಿದ್ರು. ಆ ವಾರ ಬಚ್ಚಲಿಗೆ ಹೋಗೋಕೂ ಗೋಡೆ ಹಿಡೀಬೇಕಾಯ್ತು. ನನ್ನ ವಯಸ್ಸಿನವರಿಗೆ ವ್ಯಾಯಾಮ ಆಗೋದಿಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ.

ಇವಳು ನನ್ನನ್ನ ತೂಕ ಮಾಡಲೇ ಇಲ್ಲ. ಕೈಲ್‌ಪೊಳ್ದ್‌ಗೆ ಮನೆಗೆ ಎಷ್ಟು ಜನ ಬರ್ತಾರೆ, ಅಡಿಗೆ ಯಾರು ಮಾಡ್ತಾರೆ, ಎಷ್ಟು ಹೊತ್ತು ನಿಂತಿರ್ತೀರಿ ಅಂತ ಕೇಳಿದ್ಲು. ಇವಳಿಗೆ ಯಾಕೆ ಇದೆಲ್ಲ ಅಂತ ನನಗೆ ಆಗ ಅನ್ನಿಸಿತ್ತು. ಆಮೇಲೆ ನೋಡಿದ್ರೆ ಹಬ್ಬದ ವಾರ ವ್ಯಾಯಾಮವನ್ನೇ ಅರ್ಧ ಮಾಡಿಟ್ಟಿದ್ಲು.

ಹೋದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದಾಗ ಮೆಟ್ಟಿಲು ಇಳಿಯೋಕೆ ಮಗನ ಭುಜ ಹಿಡಿಯಲಿಲ್ಲ. ಅವನೇ ತಿರುಗಿ ತಿರುಗಿ ನೋಡ್ತಿದ್ದ. ಗದ್ದೆಗೂ ಇಳೀತೀನಿ. ಆದ್ರೆ ತೂಕ ಹೆಚ್ಚೇನೂ ಇಳಿದಿಲ್ಲ, ಅದು ನನಗೆ ಬೇಸರವೇ. ಅದನ್ನೂ ಇಲ್ಲಿ ಬರೀಬೇಕು ಅಂತ ಬರೆದೆ.

ಸುಂಟಿಕೊಪ್ಪ ಹುಡುಗ:

ಅಕ್ಕ, ಆಂಟಿ, ಇಬ್ಬರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಕುರ್ಚಿ ಪರೀಕ್ಷೆ ಮಾಡಿಸಿದೆ. 11 ಆಯ್ತು, ಅವರಿಗೆ 62. ಏನೂ ಮಾತಾಡಲಿಲ್ಲ, ರಾತ್ರಿ ಊಟ ಆದ್ಮೇಲೆ ಮತ್ತೊಂದು ಸಲ ಎಣಿಸು ಅಂದ್ರು.

ಇನ್ನೊಂದು ಕೇಳ್ಬೇಕಿತ್ತು. ನನ್ನ ಕರೆದಿರೋ ಜಿಮ್ಮಲ್ಲೂ ಪೌಡರ್ ಮಾರಾಟ ಇದೆ. ಕೆಲವು ಹುಡುಗರು ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಹಾಕಿಸ್ಕೊಳ್ತಾರೆ ಅಂತ ಮಾತು. ಮೂರು ತಿಂಗಳಲ್ಲಿ ಮೈ ತೋರಿಸ್ಬೇಕು ಅನ್ನೋ ಹುಡುಗರಿಗೆ ಏನು ಹೇಳ್ತೀರಿ? ಊಟದ ವಿಷಯ ಹೇಗೆ? ನಮ್ಮ ಮನೆಗಳಲ್ಲಿ ಪಂದಿಕರಿ (ಹಂದಿಮಾಂಸ), ಕಡಂಬುಟ್ಟು (ಅಕ್ಕಿ ಉಂಡೆ) ಬಿಡಿ ಅಂದ್ರೆ ಯಾರೂ ಬಿಡೋದಿಲ್ಲ.

ಕೋಚಕ್ಕ, ಗೋಣಿಕೊಪ್ಪ:

ಬಿಡಿ ಅಂತ ನಾನು ಯಾವತ್ತೂ ಹೇಳೋದಿಲ್ಲ. ಪಂದಿಕರಿಯಲ್ಲಿ ಪ್ರೋಟೀನ್ ಇದೆ, ಕೊಬ್ಬೂ ಇದೆ. ಕೊಬ್ಬಿನ ತುಂಡು ಕಡಿಮೆ ಹಾಕ್ಕೊಳ್ಳಿ, ಕಡಂಬುಟ್ಟು ಆರರ ಬದಲು ಮೂರು ಇರಲಿ, ಪಕ್ಕಕ್ಕೆ ಸೊಪ್ಪೋ ಹುರುಳಿಯೋ ಇರಲಿ ಅಂತೀನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ಮೈತೂಕದ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್, ಅಂದ್ರೆ 60 ಕೆ.ಜಿ.ಯವರಿಗೆ ಸುಮಾರು 50 ಗ್ರಾಂ. ಭಾರ ಎತ್ತೋರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಒಣ ಹುರುಳಿಯಲ್ಲಿ 20ಕ್ಕಿಂತ ಹೆಚ್ಚು. ನಮ್ಮಲ್ಲಿ ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಕಾಫಿಗೆ ಏನಾದ್ರೂ ಕರಿದದ್ದು, ರಾತ್ರಿ ಮಾತ್ರ ಮಾಂಸ. ಬೆಳಗ್ಗೆ ರೊಟ್ಟಿ ಜೊತೆ ಎರಡು ಮೊಟ್ಟೆ ಬಂದ್ರೆ ಅರ್ಧ ಕೆಲಸ ಆಯ್ತು.

ಪೌಡರ್ ಅಂದ್ರೆ ಹಾಲಿನಿಂದ ತೆಗೆದ ಪ್ರೋಟೀನ್, ವಿಷವೇನಲ್ಲ, ಊಟದಲ್ಲಿ ಸಾಲದವರಿಗೆ ಉಪಯೋಗವೇ. ಮೂತ್ರಪಿಂಡದ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಮುಟ್ಟಬಾರದು. ಆದ್ರೆ ಕಲಿಸೋನೇ ಮಾರೋನೂ ಆದ್ರೆ ಅವನ ಸಲಹೆ ಯಾರಿಗಾಗಿ ಅಂತ ಕೇಳೋ ಹಕ್ಕು ಬಂದವರಿಗೆ ಇರುತ್ತೆ. ನೀನು ಸೇರೋ ಮೊದಲೇ ಮಾಲೀಕರ ಹತ್ರ ಮಾತಾಡು, ನನ್ನ ಸಂಬಳ ಡಬ್ಬದ ಲೆಕ್ಕದ ಮೇಲೆ ಬೇಡ ಅಂತ.

ಇಂಜೆಕ್ಷನ್ ವಿಷಯದಲ್ಲಿ ನನ್ನದು ಗಟ್ಟಿ ಮಾತು. ಹಾಕೋ ಹುಡುಗ ನನ್ನ ಕೋಣೆಗೆ ಬಂದ್ರೆ ಓಡಿಸೋದಿಲ್ಲ, ಕೂರಿಸಿ ಮಾತಾಡಿ ಡಾಕ್ಟರ ಹತ್ರ ಕಳಿಸ್ತೀನಿ, ಒಮ್ಮೆಲೇ ಬಿಡೋದಕ್ಕೂ ಅವರ ಸಲಹೆ ಬೇಕು. ಆದ್ರೆ ತಂದು ಕೊಡೋ ಟ್ರೇನರ್ ಜೊತೆ ನಾನು ನಿಲ್ಲೋದಿಲ್ಲ. ಆ ಸ್ಟೀರಾಯ್ಡುಗಳು ಹೃದಯದ ಸ್ನಾಯು ದಪ್ಪ ಮಾಡ್ತವೆ, ಒಳ್ಳೆ ಕೊಲೆಸ್ಟರಾಲ್ ಇಳಿಸ್ತವೆ, ಮೈ ತನ್ನದೇ ಟೆಸ್ಟೋಸ್ಟೆರೋನ್ ಮಾಡೋದನ್ನ ನಿಲ್ಲಿಸುತ್ತೆ. ಇಪ್ಪತ್ತೆರಡರ ಹುಡುಗನಿಗೆ ಇದನ್ನ ಹೇಳದೆ ಸೂಜಿ ಕೊಡೋದು ನನ್ನ ದೃಷ್ಟಿಯಲ್ಲಿ ಅಪರಾಧ. ಮೂರು ತಿಂಗಳು ಅಂತ ಬರೋ ಹುಡುಗರಿಗೆ ನಾನು ರೋಹನ್ ಬೋಪಣ್ಣ ಅವರ ಮಾತು ತೆಗೀತೀನಿ. ನಮ್ಮ ಕೊಡಗಿನವರೇ. ಮಂಡಿಯ ಮೃದ್ವಸ್ಥಿ ಸವೆದುಹೋಗಿದ್ದ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದು ಕಾಲಿನ ಬಲ ಕಟ್ಟಿಕೊಂಡ್ರು, 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ರು. ನಿನ್ನ ಮೈ ನಿನಗೆ ನಲವತ್ತರಲ್ಲೂ ಬೇಕಲ್ವಾ ಅಂತ ಕೇಳ್ತೀನಿ.

ಆಂಟಿ, ನಿಮ್ಮ ಬೇಸರ ನನಗೆ ಗೊತ್ತು. ನಿಮ್ಮ ಮಂಡಿ ಗಟ್ಟಿಯಾಗೋ ತನಕ ಊಟಕ್ಕೆ ಕೈ ಹಾಕ್ಬಾರದು ಅಂತ ನಾನೇ ತಡೆದಿದ್ದೆ, ಎರಡನ್ನೂ ಒಟ್ಟಿಗೆ ಬಿಗಿ ಮಾಡಿದ್ರೆ ಎರಡೂ ಕೈಬಿಡುತ್ತೆ. ಸೊಂಟದ ಪಟ್ಟಿ ಅಳತೆ ಇಳಿದಿದೆ, ನೋಟ್‌ಬುಕ್ಕಲ್ಲಿ ಬರೆದಿದ್ದೀನಿ. ನಮ್ಮವರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದ್ರೆ ಶುಗರ್, ಹೃದಯದ ಅಪಾಯ ಏರುತ್ತೆ, ಅದಕ್ಕೇ ನಾನು ಮೊದಲು ಟೇಪು ಹಿಡಿಯೋದು. ಈ ಸಲ ಸಂಜೆ ಕಾಫಿಯ ಸಕ್ಕರೆ, ಕರಿದ ತಿಂಡಿಯಿಂದ ಶುರು ಮಾಡೋಣ.

ಕುಶಾಲನಗರ ಫಿಸಿಯೋ:

ಅಕ್ಕ ಬರೆದದ್ದಕ್ಕೆ ಒಂದೆರಡು ಮಾತು ಸೇರಿಸ್ತೀನಿ. ಹೊಸ ವ್ಯಾಯಾಮ ಆದ ಒಂದೆರಡು ದಿನ ಸ್ನಾಯುವಿನಲ್ಲಿ ಎರಡೂ ಕಡೆ ಸಮನಾಗಿ ನೋವು ಬಂದು ತಾನೇ ಇಳಿದ್ರೆ ಹೆದರ್ಬೇಡಿ. ಕೀಲಿನ ಒಳಗೇ ನೋವು, ಊತ, ಮಂಡಿ ಸಿಕ್ಕಿಹಾಕಿಕೊಳ್ಳೋದು, ರಾತ್ರಿ ನಿದ್ದೆ ಕೆಡಿಸೋ ನೋವು, ಬೆನ್ನಿನಿಂದ ಕಾಲಿಗಿಳಿಯೋ ಜೋಮು, ಇವಿದ್ರೆ ವ್ಯಾಯಾಮ ನಿಲ್ಲಿಸಿ ತೋರಿಸಿ. ಮೂತ್ರದ ಹಿಡಿತ ತಪ್ಪಿದ್ರೆ ಅದೇ ದಿನ ಆಸ್ಪತ್ರೆಗೆ. ಭಾರ ಎತ್ತಿದ ಮೇಲೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದ್ರೂ ತಡ ಮಾಡ್ಬೇಡಿ, ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು. ಮೊದಲ ದಿನವೇ ಅತಿಯಾಗಿ ಮಾಡಿಸೋ ಕಡೆ ಇದು ಆಗುತ್ತೆ.

ಸುಂಟಿಕೊಪ್ಪದ ತಮ್ಮ, ಸಂಬಳದ ಮಾತು ಬರವಣಿಗೆಯಲ್ಲಿ ಇರಲಿ.

ಸುಂಟಿಕೊಪ್ಪ ಹುಡುಗ:

ಮಾಲೀಕರ ಹತ್ರ ಮಾತಾಡಿದೆ. ಪೌಡರ್ ಮಾರೋದು ಕಡ್ಡಾಯ ಅಂದ್ರು, ಹಾಗಾಗಿ ಬೇಡ ಅಂತ ಹೇಳ್ಬಂದೆ. ಸಿಪಿಆರ್ ತರಬೇತಿ ಎಲ್ಲಿ ಕೊಡ್ತಾರೆ ಅಂತ ವಿಚಾರಿಸ್ತಿದ್ದೀನಿ. ಅಲ್ಲಿವರೆಗೆ ನಿಮ್ಮ ಕೋಣೆಗೆ ಬಂದು ಮೂಲೆಯಲ್ಲಿ ಕೂತು ನೋಡಬಹುದಾ ಅಕ್ಕ?

ಕೋಚಕ್ಕ, ಗೋಣಿಕೊಪ್ಪ:

ಬಾ. ಮಂಗಳವಾರ, ಗುರುವಾರ ಬೆಳಗ್ಗೆ ಆರೂವರೆಗೆ ಹಿರಿಯರ ಗುಂಪು ಇರುತ್ತೆ. ಮೂಲೆಯಲ್ಲಿ ಕೂರೋದು ಬೇಡ, ಕುರ್ಚಿ ಜೋಡಿಸೋದು, ಬಿ.ಪಿ. ನೋಡಿ ಬರೆಯೋದು ನಿನ್ನ ಕೆಲಸ. ಅಪ್ಪನನ್ನೂ ಕರ್ಕೊಂಡು ಬಾ.